ಅಪ್ಪಯ್ಯನ ಒಲೆ

ಪುರಸೈವಾಕ್ಕಂ, ಚೆನ್ನೈ
೭ ಏಪ್ರಿಲ್ ೨೦೨೪

ಪ್ರೀತಿಯ ಸುಘೋಷ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಮ್ಮ ಜಗಳದ ಶೇಷ.

ಅಪ್ಪಯ್ಯನ ಹದಿಮೂರನೆಯ ದಿನ ಮುಗಿಸಿ ನೀನು ಹಡಗು ಹತ್ತಿದ ಮೇಲೆ ಮೂರು ಸಲ ಫೋನಿನಲ್ಲಿ ಮಾತಾಡಿದೆವು, ಮೂರು ಸಲವೂ ಕಿರುಚಿಕೊಂಡು ಇಟ್ಟೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಟೆಲಿನ ವಿಷಯ ಇನ್ನು ಮೇಲೆ ಕಾಗದದಲ್ಲೇ ಅಂತ ನೀನು ಹೇಳಿದ್ದು ಒಳ್ಳೆಯದೇ ಆಯಿತು. ಎಗ್ಮೋರಿನ ನಿಮ್ಮ ಕಂಪನಿ ಆಫೀಸಿಗೆ ಕೊಟ್ಟರೆ, ಹಡಗು ಹತ್ತಲು ಹೊರಟ ಯಾರದೋ ಚೀಲದಲ್ಲಿ ನಿನಗೆ ತಲುಪುತ್ತದಂತೆ. ಎರಡು ವಾರವೋ ಮೂರು ವಾರವೋ. ಅಷ್ಟರಲ್ಲಿ ಸಿಟ್ಟಾದರೂ ಆರುತ್ತದೆ.

ಮೊನ್ನೆ ಬುಧವಾರ ಮಧ್ಯಾಹ್ನ ಐತ ದೋಸೆ ಕಾವಲಿಯ ಮುಂದೆ ಕುಸಿದುಬಿದ್ದ. ಮೂವತ್ತು ವರ್ಷದ ಹಿಂದೆ ತಟ್ಟೆ ತೊಳೆಯಲು ಬಂದವನು ಈಗ ಅಡುಗೆಮನೆಗೆ ಯಜಮಾನ, ನಿನಗೆ ಗೊತ್ತೇ ಇದೆ. ನೀರು ಚಿಮುಕಿಸಿ ಎಬ್ಬಿಸಿದರೆ ಅವನ ಮೊದಲ ಮಾತು, "ಅಕ್ಕ, ದೋಸೆ ಕರಟಿತಾ?" ನನ್ನ ಮಗಳು ಪ್ರಣಮ್ಯಾ ತಂದು ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ನಲವತ್ತೇಳು ತೋರಿಸುತ್ತಿತ್ತು. ಅಗ್ನಿ ನಕ್ಷತ್ರದ ಕಡು ಬಿಸಿಲು ಶುರುವಾಗಲು ಇನ್ನೂ ತಿಂಗಳಿದೆ. ಹೊರಗೆ ಊರು ಕಾಯುತ್ತಿದೆ, ಒಳಗೆ ನಾವು ಎಂಟು ಗ್ಯಾಸ್ ಒಲೆ ಉರಿಸಿ ಅದಕ್ಕೆ ಕೈಲಾದಷ್ಟು ಸಹಾಯ ಮಾಡುತ್ತಿದ್ದೇವೆ. ಅಂದೇ ತೀರ್ಮಾನ ಮಾಡಿದೆ. ಅಡುಗೆಮನೆ ಪೂರ್ತಿ ಕರೆಂಟಿಗೆ.

ಏಳು ಒಲೆಗೆ ನಿನ್ನನ್ನು ಕೇಳಬೇಕಾಗಿಲ್ಲ. ಕೇಳಬೇಕಾದದ್ದು ಎಂಟನೆಯದಕ್ಕೆ. ನಿನಗೆ ಗೊತ್ತಿಲ್ಲದ ಕಥೆಯಲ್ಲ, ಆದರೂ ಬರೆದರೆ ನನಗೇ ಸರಿಯಾಗಿ ಕಾಣುತ್ತದೆ. ಎಪ್ಪತ್ತೊಂದರಲ್ಲಿ ಕೋಟದಿಂದ ಬಂದು ಈ ಸಿದ್ಧಿ ವಿಲಾಸ್ ತೆರೆದ ದಿನ ಅಪ್ಪಯ್ಯ ದೇವರ ದೀಪದಿಂದ ಬತ್ತಿ ಹೊತ್ತಿಸಿ ಸೌದೆ ಒಲೆಗೆ ಇಟ್ಟರು. ಸೌದೆ ಹೋಗಿ ಮರದ ಹೊಟ್ಟು ಬಂತು, ಹೊಟ್ಟು ಹೋಗಿ ಡೀಸೆಲ್ ಬರ್ನರ್ ಬಂತು, ಡೀಸೆಲ್ ಹೋಗಿ ಗ್ಯಾಸ್ ಬಂತು. ಪ್ರತಿ ಸಲವೂ ಹಳೆಯ ಬೆಂಕಿಯಿಂದಲೇ ಹೊಸ ಒಲೆ ಹೊತ್ತಿಸಿದರು. ತಾಮ್ರದ ಹಂಡೆಯ ಕೆಳಗಿನ ಆ ಒಂದು ಒಲೆಯನ್ನು ಹಗಲು ರಾತ್ರಿ ಆರಲು ಬಿಡಲಿಲ್ಲ. ಐವತ್ತಮೂರು ವರ್ಷ. ಎಲ್ಲರೂ ಅದಕ್ಕೆ ಅಪ್ಪಯ್ಯನ ಒಲೆ ಅಂತಲೇ ಹೇಳುವುದು, ಕೆಲಸದವರು ಒಳಗೆ ಬಂದರೆ ಮೊದಲು ಅದಕ್ಕೆ ಕೈಮುಗಿಯುವುದು.

ಆದರೆ ಕರೆಂಟಿಗೆ ಬೆಂಕಿ ಹಚ್ಚಲಾಗುವುದಿಲ್ಲವಲ್ಲ ಮಾರಾಯ. ಈ ಸಲ ಬೆಂಕಿ ದಾಟಿ ಹೋಗಲು ದಾರಿ ಇಲ್ಲ. ಆರಿಸಬೇಕು. ಹೋಟೆಲನ್ನು ಅಪ್ಪಯ್ಯ ನಮ್ಮಿಬ್ಬರಿಗೂ ಬರೆದಿಟ್ಟರು, ಬೆಂಕಿಯಲ್ಲೂ ಅರ್ಧ ನಿನ್ನದು. ನನ್ನ ಅರ್ಧವನ್ನು ಮಾತ್ರ ಆರಿಸುವುದು ಹೇಗೆ? ಅಪ್ಪಯ್ಯ ಹೋಗಿ ಎರಡು ತಿಂಗಳಾಗಿಲ್ಲ, ಮಗಳು ಬೆಂಕಿ ಆರಿಸಿದಳು ಅಂತ ಅನ್ನಿಸಿಕೊಳ್ಳಲು ನನಗೆ ಹೆದರಿಕೆ. ನೀನು ಹೂಂ ಅಂದರೆ ಆ ಹೆದರಿಕೆ ಅರ್ಧವಾಗುತ್ತದೆ.

ನಿನ್ನ ಅಕ್ಕ
ಸುಗುಣಾ


ಫುಜೈರಾ ಲಂಗರು
೨೮ ಏಪ್ರಿಲ್ ೨೦೨೪

ಅಕ್ಕಾ,

ನಮಸ್ಕಾರ. ಇಲ್ಲಿ ಮೂರು ದಿನದಿಂದ ಧೂಳೋ ಮಂಜೋ ತಿಳಿಯದ ಒಂದು ಬಿಳುಪು. ಸಮುದ್ರಕ್ಕೂ ಆಕಾಶಕ್ಕೂ ನಡುವೆ ಗೆರೆಯೇ ಇಲ್ಲ. ಲಂಗರು ಹಾಕಿದ ಹಡಗುಗಳೆಲ್ಲ ಯಾರೋ ಒಣಹಾಕಿ ಮರೆತ ಬಟ್ಟೆಗಳ ಹಾಗೆ ಗಾಳಿಯಲ್ಲಿ ನಿಂತಿವೆ. ಕೆಲಸ ಮುಗಿಸಿ ಡೆಕ್ಕಿಗೆ ಬಂದರೆ ಎಚ್ಚರವಾಗಿದ್ದೇನೋ ಮಲಗಿದ್ದೇನೋ ಅನ್ನುವ ಅನುಮಾನ ನನಗೆ.

ನನ್ನ ಹಡಗಿನ ಹೊಟ್ಟೆಯಲ್ಲಿ ಏನಿದೆ ಅಂತ ನೀನು ಒಂದು ದಿನವೂ ಕೇಳಲಿಲ್ಲ. ಗ್ಯಾಸ್ ಅಂದರೆ ನಿನಗೆ ಸಿಲಿಂಡರು. ಇಲ್ಲಿ ಅದು ಸೊನ್ನೆಗಿಂತ ನಲವತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ನೀರಾಗಿ ಮಲಗಿರುತ್ತದೆ. ಅದರ ಮೇಲೆ ನಡೆಯುವಾಗ ನಾನು ಬೂಟನ್ನು ಮೆಲ್ಲಗೆ ಇಡುತ್ತೇನೆ, ಮಗು ಮಲಗಿದ ಕೋಣೆಯಲ್ಲಿ ನಡೆದ ಹಾಗೆ. ಕೆಳಗಿರುವುದು ಬೆಂಕಿ, ಇನ್ನೂ ಕಣ್ಣು ಬಿಡದ ಬೆಂಕಿ. ಎಣ್ಣೂರಿನಲ್ಲಿ ಇಳಿಸುತ್ತೇವೆ, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಗುತ್ತದೆ. ಅದರಲ್ಲಿ ಒಂದು ತೊಟ್ಟು ನಮ್ಮ ಹಂಡೆಯ ಕೆಳಗೆ ನೀಲಿಯಾಗಿ ಎಚ್ಚರಾಗುತ್ತದೆ ಅಂತ ಲೆಕ್ಕ ಹಾಕಿಕೊಂಡೇ ನಾನು ಇಷ್ಟು ವರ್ಷ ಸಮುದ್ರದಲ್ಲಿದ್ದದ್ದು. ನಗಬೇಡ.

ಐತನಿಗೆ ಹೀಗಾದದ್ದು ಕೇಳಿ ಸಂಕಟವಾಯಿತು. ಒಳ್ಳೆಯ ಡಾಕ್ಟರಿಗೆ ತೋರಿಸು. ಆದರೆ ನಿನ್ನ ಕರೆಂಟು ಎಲ್ಲಿಂದ ಬರುತ್ತದೆ ಅಂತ ಯೋಚಿಸಿದೆಯಾ? ಎಣ್ಣೂರಿಗೆ ಬರುವಾಗ ಊರಿಗಿಂತ ಮೊದಲು ನನಗೆ ಕಾಣುವುದು ಕಲ್ಲಿದ್ದಲು ಉರಿಸುವ ಆ ಚಿಮಣಿಗಳು. ನಿನ್ನ ಅಡುಗೆಮನೆಯ ಹೊಗೆಯನ್ನು ಬೇರೆಯವರ ತಲೆಯ ಮೇಲೆ ಸಾಗಿಸಿ, ನಾನು ಶುದ್ಧಳಾದೆ ಅಂದ ಹಾಗಾಗುವುದಿಲ್ಲವಾ?

ಆ ಒಲೆ ಇರಲಿ ಅಕ್ಕಾ. ಒಂದು ಸಣ್ಣ ಒಲೆ. ಲೋಕ ಅದರಿಂದ ಕೆಡುವುದಿಲ್ಲ.

ಸುಘೋಷ


ಪುರಸೈವಾಕ್ಕಂ
೧೭ ಮೇ ೨೦೨೪

ಸುಘೋಷ,

ಕಾಗದ ತಲುಪಿತು. ಕವಿತೆ ಚೆನ್ನಾಗಿದೆ. ಉತ್ತರ ಎಲ್ಲಿ?

ಚಿಮಣಿಯ ಮಾತು ಮಾತ್ರ ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದ ಬಂದ ದಿನ ತೆಂಗಿನಕಾಯಿ ತುರಿಯುವ ಕಲಾವತಿಗೆ ಅದನ್ನು ಹೇಳಿದೆ. ಅವಳ ಮನೆ ರಾಯಪುರಂನಲ್ಲಿ, ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದು ಬಣ್ಣವಾಗುವ ಬೀದಿ. ತುರಿಯುವುದನ್ನು ನಿಲ್ಲಿಸದೆಯೇ ಕೇಳಿದಳು, "ಒಂಗ ಕಿಚನ್ ತಂಪಾಗತ್ತೆ, ಸರಿ ಅಕ್ಕಾ. ಆ ಹೊಗೆ ಎಂಗ ತೆರುವಿಗೆ ಬರತ್ತಾ?" ನಿಮ್ಮ ಅಡುಗೆಮನೆ ತಂಪಾಗಿ ಹೊಗೆ ನಮ್ಮ ಬೀದಿಗೆ ಬರುತ್ತದಾ ಅಂತ.

ಅದಕ್ಕೇ ತಾರಸಿಯ ಮೇಲೆ ಸೋಲಾರ್ ಹಲಗೆ ಹಾಕಿಸಿದೆ. ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದ ಜಾಗವೆಲ್ಲ ಹೋಯಿತು, ನಿನ್ನ ಭಾವ ಅದಕ್ಕೆ ಮುಖ ಊದಿಸಿಕೊಂಡಿದ್ದಾರೆ. ಬಿಸಿಲು ಇರುವಾಗಲೇ ಹಿಟ್ಟು ರುಬ್ಬುವುದು, ಸಾಂಬಾರು ಮುಗಿಸುವುದು ಅಂತ ಅಡುಗೆಮನೆಯ ಹೊತ್ತನ್ನೇ ಬದಲಿಸಿದೆವು. ಸಂಜೆ ಆರರ ಮೇಲೆ ಏಸಿ ಹಾಲಿನಲ್ಲಿ ಬರೀ ಫ್ಯಾನು. "ಏನ್ ಮಾಮಿ, ಏಸಿಗೆ ಹುಷಾರಿಲ್ಲವಾ?" ಅಂತ ಒಬ್ಬರು ಕೇಳಿದರು. ಅದಕ್ಕೂ ವಯಸ್ಸಾಯಿತು, ಸಂಜೆ ಹೊತ್ತು ರೆಸ್ಟ್ ಅಂದೆ. ನಾಲ್ಕಾರು ಮನೆಯವರು ಬೇರೆ ಹೋಟೆಲಿಗೆ ಹೋದರು, ಹೋಗಲಿ. ಇಷ್ಟು ಮಾಡಿದರೂ ಕಾಲು ಭಾಗ ಕರೆಂಟು ಇನ್ನೂ ಆ ಚಿಮಣಿಯದ್ದೇ. ನಾನು ಶುದ್ಧಳಾದೆ ಅಂತ ಎಲ್ಲೂ ಹೇಳಿಲ್ಲ. ಇದ್ದುದಕ್ಕಿಂತ ಕಡಿಮೆ ಕೆಟ್ಟವಳಾದೆ ಅಂತ ಮಾತ್ರ.

ಏಳು ಒಲೆ ಹೋದವು. ಕಾವಲಿಯ ಮುಂದೆ ಈಗ ಮನುಷ್ಯ ನಿಲ್ಲಬಹುದು. ಉಳಿದದ್ದು ಅದೊಂದೇ, ಅದಕ್ಕಾಗಿ ಹಿಂದಿನ ಕೋಣೆಯಲ್ಲಿ ಸಿಲಿಂಡರ್ ಸಾಲು, ಅದಕ್ಕಾಗಿ ಪೈಪು, ಅದಕ್ಕಾಗಿ ಒಬ್ಬರ ಕಾವಲು. ಪ್ರಣಮ್ಯಾ ನೋಡಿ, "ಅಮ್ಮಾ, ಇದು ಅಡುಪ್ಪು, ಕೋವಿಲ್ ಇಲ್ಲೈ" ಅಂದಳು. ಒಲೆಯಮ್ಮಾ ಇದು, ದೇವಸ್ಥಾನವಲ್ಲ ಅಂತ. ಎಗ್ಮೋರ್ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವವಳು, ಬೇಕಾದರೆ ಬರ್ನರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸಿಕೊಡುತ್ತಾಳಂತೆ. ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕಿಕೊಳ್ಳಲಾಗುತ್ತದಾ?

ಇನ್ನೊಂದು ಮಾತು, ಬರೆಯಬಾರದು ಅಂದುಕೊಂಡರೂ ಬರೆಯುತ್ತೇನೆ. ನೀನು ಅಪ್ಪಯ್ಯನ ಹೆಸರು ಹೇಳಿ ಕಾಯುತ್ತಿರುವುದು ನಿನ್ನ ಉದ್ಯೋಗವನ್ನು. ಗ್ಯಾಸು ಬೇಡ ಅಂತ ಅಕ್ಕನೇ ಹೇಳಿಬಿಟ್ಟರೆ ನಿನ್ನ ಇಷ್ಟು ವರ್ಷದ ಹಡಗು ಏನಾಗಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮಾಡಬೇಡ. ಹೂಂ ಅಥವಾ ಊಹೂಂ, ಒಂದು ಬರೆ.

ಸುಗುಣಾ


ಸಮುದ್ರ, ಕೊಚ್ಚಿಗೆ ಪಶ್ಚಿಮ
೨ ಜೂನ್ ೨೦೨೪

ಅಕ್ಕಾ,

ಊಹೂಂ.

ಉದ್ಯೋಗಕ್ಕಲ್ಲ. ಬೇರೆ ಏನು ಅಂತ ಈಗ ಬರೆಯಲಾಗುವುದಿಲ್ಲ. ನಿನ್ನೆ ಮಧ್ಯಾಹ್ನ ಇಂಜಿನ್ ಕಂಟ್ರೋಲ್ ರೂಮಿನಲ್ಲಿ ಕುಳಿತಲ್ಲೇ ಜೋಂಪು ಹತ್ತಿತು. ಹೋಟೆಲಿನ ಹಿಂದಿನ ಬಾಗಿಲು ತೆರೆದರೆ ನೀರು, ನೀರಿನ ಮೇಲೆ ನಮ್ಮ ಹಂಡೆ ತೇಲುತ್ತಾ ಹೋಗುತ್ತಿದೆ, ಅದರ ಕೆಳಗೆ ಬೆಂಕಿ ಹಾಗೇ ಇದೆ. ನಾನು ಈಜುತ್ತೇನೆ, ಮುಟ್ಟಲಾಗುವುದಿಲ್ಲ. ಎಚ್ಚರಾದಾಗ ಜೂನಿಯರ್ ಹುಡುಗಿಯೊಬ್ಬಳು, "ಚೀಫ್, ಯಾರನ್ನೋ ಕರೆದಿರಿ" ಅಂದಳು. ಯಾರನ್ನು ಅಂತ ನಾನು ಕೇಳಲಿಲ್ಲ.

ನಾನು ಬರುವವರೆಗೆ ಇಡು. ಆಗಸ್ಟಿನಲ್ಲಿ ಎಣ್ಣೂರಿಗೆ ಬರುತ್ತೇವೆ. ಐದಾರು ಗಂಟೆ ಇಳಿಯಲು ಬಿಟ್ಟರೂ ಬಿಟ್ಟಾರು. ಅಲ್ಲಿಯವರೆಗೆ, ಅಷ್ಟೇ.

ಸುಘೋಷ


ಪುರಸೈವಾಕ್ಕಂ
೨೨ ಜೂನ್ ೨೦೨೪

ಪ್ರೀತಿಯ ಸುಘೋಷ,

ಅಷ್ಟು ಗಿಡ್ಡ ಕಾಗದ ನೀನು ಹುಟ್ಟಿದಮೇಲೆ ಬರೆದದ್ದಿಲ್ಲ. ನಾನು ಬರೆದದ್ದು ಹೆಚ್ಚಾಯಿತು. ಉದ್ಯೋಗದ ಮಾತು ಹಿಂದಕ್ಕೆ ತೆಗೆದುಕೊಂಡೆ.

ನನಗೆ ಈಗ ಅರ್ಥವಾಯಿತು ಅಂದುಕೊಳ್ಳುತ್ತೇನೆ. ನಿನಗೆ ಹೆಂಡತಿ ಮಕ್ಕಳಿಲ್ಲ, ಒಂದು ಊರು ಅಂತಿಲ್ಲ. ನೀನು ಎಲ್ಲಿದ್ದರೂ ಇಲ್ಲಿ ಒಂದು ಬೆಂಕಿ ಎಚ್ಚರ ಇರುತ್ತದೆ ಅನ್ನುವುದೇ ನಿನಗೆ ಮನೆ. ಅದನ್ನು ನಾನು ಒಂದು ತಿರುಪಿನಲ್ಲಿ ಆರಿಸುವುದು ಅಂದರೆ ನಿನ್ನ ಮನೆಯ ಬಾಗಿಲು ಹಾಕಿದ ಹಾಗೆ. ಆಯಿತು, ಇಡುತ್ತೇನೆ. ಮಾತು ಕೊಟ್ಟೆ.

ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ, ಊಟದವರು ಹೋಗಿ ಕಾಫಿಯವರು ಬರುವ ಮೊದಲು, ನಮ್ಮ ಹೋಟೆಲು ನಿದ್ದೆ ಹೋಗುತ್ತದಲ್ಲ. ಬೆಂಚಿನ ಮೇಲೆ ಬೆಂಚು, ಮೇಲಿನ ಗಾಜಿನ ಹಂಚಿನಿಂದ ಒಂದು ಕೋಲು ಬಿಸಿಲು. ಈಗ ಬೇರೆ ಒಲೆಗಳ ಸದ್ದಿಲ್ಲದೆ ಆ ಒಂದು ಒಲೆಯ ಗುಂಯ್ ಸ್ವರ ಹಾಲಿನವರೆಗೂ ಕೇಳುತ್ತದೆ. ಕಣ್ಣು ಮುಚ್ಚಿದರೆ ಅಪ್ಪಯ್ಯ ಗಂಟಲಲ್ಲೇ ಏನೋ ಹೇಳಿಕೊಳ್ಳುತ್ತಿರುವ ಹಾಗೆ. ಬಯ್ಯುತ್ತಿದ್ದಾರೋ ಹರಸುತ್ತಿದ್ದಾರೋ, ಅದು ಮಾತ್ರ ತಿಳಿಯುವುದಿಲ್ಲ.

ನನಗೂ ನಿನ್ನ ಹತ್ತಿರ ಒಂದು ಹೇಳುವುದಿತ್ತು. ಇರಲಿ. ನೀನು ಬಂದಾಗ.

ಅಕ್ಕ


ಸಿಂಗಾಪುರ ಲಂಗರು
೯ ಜುಲೈ ೨೦೨೪

ಅಕ್ಕಾ,

ನಿನ್ನ ಕಾಗದ ನನ್ನನ್ನು ನಾಚಿಸಿತು. ನನ್ನ ಬಗ್ಗೆ ನೀನು ಅಷ್ಟು ಒಳ್ಳೆಯದು ಕಲ್ಪಿಸಿಕೊಂಡ ಮೇಲೆ ಸುಮ್ಮನಿರುವುದು ಕಳ್ಳತನ. ಬರೆಯುತ್ತೇನೆ.

ತೊಂಬತ್ತೆರಡರ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡು ನೀವೆಲ್ಲ ಕೋಟಕ್ಕೆ ಹೋದಿರಿ. ಪರೀಕ್ಷೆ ಅಂತ ನಾನು ಉಳಿದೆ. ಅಪ್ಪಯ್ಯ ರೈಲು ಹತ್ತುವ ಮೊದಲು ಹೇಳಿದ್ದು ಒಂದೇ ಮಾತು, "ಬೆಂಕಿ ನಿನ್ ಕೈಯಗೆ ಇತ್ ಮಗಾ." ಒಂಬತ್ತನೆಯ ದಿನ ಮಧ್ಯಾಹ್ನ, ಹಾರ್ಬರಿಗೆ ಭಾರೀ ಹಡಗೊಂದು ಬಂದಿದೆ ಅಂತ ಕೇಳಿ ರಾಯಪುರಂ ಕಡೆಗೆ ಸೈಕಲ್ ಹೊಡೆದೆ. ಬರ್ನರಿಗೆ ಡೀಸೆಲ್ ಸುರಿಯಬೇಕಿತ್ತು, ಮರೆತೆ. ದಡದ ಮೇಲೆ ಕೂತು ಆ ಹಡಗನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ವಾಪಸು ಬಂದಾಗ ಅಡುಗೆಯವರು ಬೆಂಚಿನ ಮೇಲೆ ಮಲಗಿದ್ದರು, ಹಂಡೆಯ ಕೆಳಗೆ ಕತ್ತಲೆ. ಡೀಸೆಲ್ ಸುರಿದೆ, ಬೆಂಕಿಪೊಟ್ಟಣ ತೆಗೆದೆ, ಗೀರಿದೆ. ಯಾರೂ ಏಳಲಿಲ್ಲ.

ಅಪ್ಪಯ್ಯ ಬಂದರು. ಹಂಡೆಯ ಕೆಳಗೆ ಬಗ್ಗಿ ನೋಡಿದರು. ಎಲ್ಲರನ್ನೂ ಕರೆದು, ಎಲ್ಲರ ಎದುರು ನನ್ನ ತಲೆಯ ಮೇಲೆ ಕೈಯಿಟ್ಟು, ನನ್ನ ಮಗ ಬೆಂಕಿ ಕಾದ ಅಂದರು. ಹೊಡೆದಿದ್ದರೆ ಮರೆಯುತ್ತಿದ್ದೆ. ಆ ಕೈ ಇವತ್ತಿಗೂ ಇಳಿದಿಲ್ಲ ಅಕ್ಕಾ. ಮರುವರ್ಷ ನಾನು ಹಡಗು ಹತ್ತಿದ್ದು ಸಮುದ್ರದ ಆಸೆಗೆ ಅಂತ ನೀವು ತಿಳಿದುಕೊಂಡಿರಿ. ಅರ್ಧ ಹೌದು. ಇನ್ನರ್ಧ ಆ ಒಲೆಯ ಮುಂದೆ ಅಪ್ಪಯ್ಯನ ಜೊತೆ ನಿಲ್ಲಲಾರದೆ.

ಹಾಗಾಗಿ ನೀನು ಕಾಯುತ್ತಿರುವುದು ದೇವರ ದೀಪದ ಬೆಂಕಿಯಲ್ಲ. ಹತ್ತೊಂಬತ್ತು ವರ್ಷದ ಒಬ್ಬ ಸುಳ್ಳುಗಾರ ಗೀರಿದ ಕಡ್ಡಿ. ಇದನ್ನು ನಿನಗೆ ಹೇಳಿದರೆ ನಿನ್ನ ಅಪ್ಪಯ್ಯನನ್ನು ನಿನ್ನಿಂದ ಕಸಿದ ಹಾಗಾಗುತ್ತದೆ ಅಂತ ಹೆದರಿದೆ. ಹೇಳದೆ ನೀನು ಅದನ್ನು ಆರಿಸಿದರೆ, ನನ್ನ ಸುಳ್ಳು ಪವಿತ್ರವಾಗಿಯೇ ಸತ್ತುಹೋಗುತ್ತದೆ ಅಂತಲೂ ಹೆದರಿದೆ. ಹೊತ್ತಿಸಿದವನು ನಾನು, ಆರಿಸಬೇಕಾದವನೂ ನಾನೇ. ಅದಕ್ಕೇ ಇಡು ಅಂದದ್ದು. ದಯವಿಟ್ಟು ನನ್ನ ಕೈಯಿಂದಲೇ ಆಗಲಿ.

ಸುಘೋಷ


ಪುರಸೈವಾಕ್ಕಂ
೧೪ ಜುಲೈ ೨೦೨೪, ಭಾನುವಾರ

ಸುಘೋಷ,

ಕೊಟ್ಟ ಮಾತು ಮುರಿದೆ. ಒಲೆ ಆರಿಸಿದೆ. ನಿನ್ನನ್ನು ಕೇಳಲಿಲ್ಲ.

ಬೆಂಕಿಯ ಹತ್ತಿರ ಕೂರಬಾರದು ಅಂತ ಡಾಕ್ಟರು ಐತನಿಗೆ ಖಡಾಖಂಡಿತ ಹೇಳಿದ್ದರು. ಅವನು ಕಾವಲಿ ಬಿಟ್ಟ, ಅಪ್ಪಯ್ಯನ ಒಲೆ ಬಿಡಲಿಲ್ಲ. "ಬೇರೆಯವರಿಗೆ ಅದು ಗೊತ್ತಾಗುದಿಲ್ಲ ಅಕ್ಕ" ಅಂತ ದಿನಾ ಒಂದು ಸ್ಟೂಲು ಹಾಕಿ ಪಕ್ಕದಲ್ಲೇ ಕೂರುತ್ತಿದ್ದ. ಇವತ್ತು ಮೈ ಕಾದಿತ್ತು, ಆದರೂ ಬಂದಿದ್ದ. ಮೂರೂವರೆಗೆ ನಾನು ಒಳಗೆ ಹೋದೆ. ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದ, ಬಾಯಿ ತೆರೆದಿತ್ತು, ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಹಂಡೆಯ ಹಬೆ ಅವನ ಮುಖದ ಮೇಲಿಂದ ಹಾದು ಗಾಜಿನ ಹಂಚಿನ ಬಿಸಿಲಿಗೆ ಹೋಗುತ್ತಿತ್ತು. ಒಂದು ಕ್ಷಣ ಅವನು ಉಸಿರಾಡುತ್ತಿಲ್ಲ ಅನ್ನಿಸಿತು ನನಗೆ.

ಹತ್ತಿರ ಹೋಗಿ ನೋಡಿದೆ, ಉಸಿರಿತ್ತು. ಅಲ್ಲೇ ಬಗ್ಗಿ ತಿರುಪು ತಿರುಗಿಸಿದೆ. ಅಷ್ಟೇ. ದೇವರು ಗುಡುಗಲಿಲ್ಲ. ಗುಂಯ್ ಅನ್ನುವುದು ನಿಂತಿತು, ಮೌನ ಹಾಲಿನವರೆಗೆ ಮೆಲ್ಲಗೆ ನಡೆದುಕೊಂಡು ಹೋಯಿತು. ಆ ಮೌನಕ್ಕೇ ಐತನಿಗೆ ಎಚ್ಚರವಾಯಿತು. "ಅಕ್ಕ, ಎಂತ ಆಯ್ತು?" ಅಂದ. ಎಂತದ್ದೂ ಇಲ್ಲ, ನಿದ್ದೆ ಮಾಡು ಅಂದೆ. ಅವನು ಒಲೆ ನೋಡಿದ, ನನ್ನನ್ನು ನೋಡಿದ, ಮತ್ತೆ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಬಂತು. ನನಗೂ ಬಂತು.

ನೀನು ಬಯ್ಯಬೇಕು, ಬಯ್ಯಿ. ಫೋನಿನಲ್ಲಾದರೂ ಸರಿ.

ಸುಗುಣಾ


ಪುರಸೈವಾಕ್ಕಂ
೩೧ ಜುಲೈ ೨೦೨೪

ನನ್ನ ಸುಘೋಷ,

ನೀನು ಒಂಬತ್ತನೆಯ ತಾರೀಕು ಬರೆದದ್ದು ಇವತ್ತು ಕೈಗೆ ಬಂತು. ನಾನು ಆರಿಸಿ ಹದಿನೇಳು ದಿನವಾದ ಮೇಲೆ! ಓದುತ್ತಾ ಗಲ್ಲಾದ ಹಿಂದೆಯೇ ಅತ್ತೆ. ಟೋಕನ್ ಕೇಳಲು ಬಂದವರು ಗಾಬರಿಯಾಗಿ ಹಾಗೇ ವಾಪಸು ಹೋದರು.

ಈಗ ನನ್ನದು ಕೇಳು. ಹೋದ ಡಿಸೆಂಬರಿನ ಚಂಡಮಾರುತದಲ್ಲಿ ಸಿಲಿಂಡರ್ ಕೋಣೆಗೆ ಮೊಣಕಾಲುದ್ದ ನೀರು ನುಗ್ಗಿತು. ಗ್ಯಾಸು ಬಂದ್ ಮಾಡಲೇಬೇಕಾಯಿತು. ಎರಡು ದಿನ ಅಪ್ಪಯ್ಯನ ಒಲೆ ತಣ್ಣಗಿತ್ತು. ಅಪ್ಪಯ್ಯ ಮಹಡಿಯ ಮೇಲೆ ಹಾಸಿಗೆ ಹಿಡಿದಿದ್ದರು. ತಿಂಡಿ ಕೊಡಲು ಹೋದಾಗೆಲ್ಲ ಕೇಳುತ್ತಿದ್ದರು, "ಸುಗುಣಾ, ಬೆಂಕಿ ಇತ್ತಾ?" ಇತ್ತ್ ಅಪ್ಪಯ್ಯ, ಉರಿಯುತ್ತಲೇ ಇದೆ ಅಂದೆ. ಎರಡು ದಿನದಲ್ಲಿ ಎಷ್ಟು ಸಲ ಅಂದೆನೋ. ನೀರು ಇಳಿದ ಮೇಲೆ ಕಡ್ಡಿ ಗೀರಿ ಹೊತ್ತಿಸಿದೆ. ಫೆಬ್ರವರಿಯಲ್ಲಿ ಅವರು ಹೋಗುವಾಗ ನನ್ನ ಕೈ ಹಿಡಿದು ಹೇಳಿದ್ದು, ನೀನಿದ್ದೀಯಲ್ಲ, ಬೆಂಕಿಗೆ ಭಯವಿಲ್ಲ ಅಂತ. ನಿನಗೆ ತಲೆಯ ಮೇಲಿನ ಕೈ, ನನಗೆ ಕೈಯೊಳಗಿನ ಕೈ.

ನಾನು ಇದನ್ನು ಏಪ್ರಿಲಿನಲ್ಲೇ ಹೇಳಿಬಿಟ್ಟಿದ್ದರೆ ವಾದ ಒಂದೇ ದಿನಕ್ಕೆ ಗೆಲ್ಲುತ್ತಿದ್ದೆ. ನಿನ್ನ ಪಾಲಿನ ಅಪ್ಪಯ್ಯ ಆರಿಹೋಗುತ್ತಾರೆ ಅಂತ ಹೇಳಲಿಲ್ಲ. ನೀನೂ ಅದನ್ನೇ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಒಳ್ಳೆಯ ಜೋಡಿ ನಾವು. ಇಬ್ಬರೂ ಕಡ್ಡಿ ಗೀರಿದವರೇ, ಇಬ್ಬರೂ ದೇವರ ಬೆಂಕಿ ಅಂತ ಒಬ್ಬರಿಗೊಬ್ಬರು ಆರತಿ ಎತ್ತಿದ್ದು.

ಆದರೆ ಅತ್ತು ಮುಗಿದ ಮೇಲೆ ಇನ್ನೊಂದು ಹೊಳೆಯಿತು, ಅದು ಅಷ್ಟು ಹಿತವಾಗಿಲ್ಲ. ಅಪ್ಪಯ್ಯನ ಬೆಂಕಿ ಅಂತಾದರೆ ಹೊಣೆ ಅಪ್ಪಯ್ಯನದು. ಬರೀ ನಮ್ಮ ಬೆಂಕಿ ಅಂತಾದರೆ? ನೀನು ತರುತ್ತೀಯ ಅಂತ ನಾನು ಉರಿಸಿದೆ, ನಾನು ಉರಿಸುತ್ತೇನೆ ಅಂತ ನೀನು ತಂದೆ. ನಡುವೆ ಐತ ಬೆಂದ, ಕಲಾವತಿಯ ಬಟ್ಟೆ ಕಪ್ಪಾಯಿತು. ಸತ್ತವರ ಹೆಸರು ಹೇಳಿಕೊಂಡು ಬದುಕಿದ್ದವರು ಮಾಡಿದ ಕೆಲಸ ಇದು.

ಇಷ್ಟೆಲ್ಲ ಬರೆದವಳು ಆಮೇಲೆ ಏನು ಮಾಡಿದೆ ಗೊತ್ತಾ? ನನ್ನ ಕೈಯಿಂದಲೇ ಆಗಲಿ ಅಂತ ನೀನು ಬರೆದ ಸಾಲು ಬಿಡಲಿಲ್ಲ. ಮಧ್ಯಾಹ್ನ ಐತ ಮನೆಗೆ ಹೋದಮೇಲೆ ಹೋಗಿ ಮತ್ತೆ ಕಡ್ಡಿ ಗೀರಿ ಹೊತ್ತಿಸಿಬಿಟ್ಟೆ. ಸಣ್ಣಗೆ, ಅತೀ ಸಣ್ಣಗೆ. ಪ್ರಣಮ್ಯಾ ನೋಡಿ ತಲೆ ತಲೆ ಚಚ್ಚಿಕೊಂಡಳು. ನಿಮ್ಮ ಆಫೀಸಿನವರು ಹೇಳಿದ ಹಾಗೆ ನೀನು ಆಗಸ್ಟ್ ಇಪ್ಪತ್ತಕ್ಕೆ ಬರುವವರೆಗೆ ಇರುತ್ತದೆ. ಬಂದು ನೀನೇ ಆರಿಸು. ಇಷ್ಟೂ ಮಾಡದಿದ್ದರೆ ನಾನೆಂತಹ ಅಕ್ಕ?

ಸುಗುಣಾ


ಬಂಗಾಳ ಕೊಲ್ಲಿ
೧೬ ಆಗಸ್ಟ್ ೨೦೨೪

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದವೂ ಒಟ್ಟಿಗೆ ಸಿಕ್ಕಿದವು. ಚೀಲಕ್ಕೆ ಕಾದರೆ ಇದು ನನಗಿಂತ ಹಿಂದೆ ತಲುಪುತ್ತದೆ, ಅದಕ್ಕೇ ಫೋಟೋ ತೆಗೆದು ಪ್ರಣಮ್ಯಾಳ ಫೋನಿಗೆ ಕಳಿಸುತ್ತಿದ್ದೇನೆ. ಆರಿಸಿದೆ ಅನ್ನುವುದನ್ನು ಮೊದಲು ಓದಿದೆ, ಹೊತ್ತಿಸಿದೆ ಅನ್ನುವುದನ್ನು ಹಿಂದೆಯೇ. ಎರಡರ ನಡುವೆ ಐದು ನಿಮಿಷ ನನಗೆ ಯಾವ ಭಾರವೂ ಇರಲಿಲ್ಲ. ಆ ಐದು ನಿಮಿಷದ ಆಣೆಗೂ ಹೇಳುತ್ತೇನೆ, ಇದು ಕೈಗೆ ಸಿಕ್ಕ ಕೂಡಲೇ ಅದನ್ನು ಆರಿಸು. ನನಗೆ ಅಂತ ಇಡಬೇಡ. ಅಪ್ಪಯ್ಯನ ಹೆಸರಲ್ಲಿ ಉರಿದದ್ದು ಸಾಕಾಗಿ ಈಗ ನನ್ನ ಹೆಸರಲ್ಲಿ ಉರಿಯಬೇಕಾ?

ಇಪ್ಪತ್ತಕ್ಕೆ ಬರುವುದಿಲ್ಲ, ಇಪ್ಪತ್ತೆರಡಕ್ಕೆ. ತಡ ಮಾಡಿದವನು ನಾನೇ. ಜೆಟ್ಟಿಯಲ್ಲಿ ಜಾಗ ಇಪ್ಪತ್ತೆರಡಕ್ಕೇ ಅಂತ ಎಲ್ಲರಿಗೂ ಗೊತ್ತು. ಆದರೂ ಮೂವತ್ತು ವರ್ಷದಿಂದ ನಾವು ಪೂರ್ತಿ ವೇಗದಲ್ಲಿ ಎಣ್ಣೆ ಸುಟ್ಟು ಓಡಿ ಬರುತ್ತೇವೆ, ಬಂದು ಲಂಗರು ಹಾಕಿ ಕಾಯುತ್ತೇವೆ. ಓಡು, ಕಾಯಿ. ಇಂಜಿನ್ನಿನ ಮನುಷ್ಯ ನಾನು, ಎಷ್ಟು ಸುಡುತ್ತದೆ ಅಂತ ದಿನಾ ಬರೆದಿಡುವವನು, ಒಂದು ದಿನ ಬಾಯಿ ಬಿಡಲಿಲ್ಲ. ಈ ಸಲ ಕ್ಯಾಪ್ಟನ್ ಹತ್ತಿರ ಹೋಗಿ ನಿಧಾನ ಹೋಗೋಣ ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಕಂಪನಿಗೆ ಬರೆದರು, ಕಂಪನಿ ಒಪ್ಪಿತು. ಇಷ್ಟು ಸುಲಭವಿತ್ತಾ ಅಂತ ನನಗೆ ಸಿಟ್ಟು ಬಂತು, ನನ್ನ ಮೇಲೆಯೇ.

ಈಗ ಹಡಗು ಎತ್ತಿನ ಗಾಡಿಯ ಹಾಗೆ ಹೋಗುತ್ತಿದೆ. ಇಂಜಿನ್ನಿನ ದನಿ ತಗ್ಗಿ ಸಮುದ್ರದ ದನಿ ಕೇಳಿಸುತ್ತದೆ. ಸಂಜೆ ನೀರು ಅಕ್ಕಿ ತೊಳೆದ ನೀರಿನ ಬಣ್ಣ. ಮೀನುಗಳು ಜೊತೆಯಲ್ಲೇ ಈಜುತ್ತಾ ಬಂದು, ಬೇಜಾರಾಗಿ ಮುಂದೆ ಹೋಗುತ್ತವೆ.

ನಾನು ಒಳ್ಳೆಯವನಾಗಿಬಿಟ್ಟೆ ಅಂತ ತಿಳಿಯಬೇಡ. ಹಡಗಿನ ಹೊಟ್ಟೆಯಲ್ಲಿ ಈಗಲೂ ಗ್ಯಾಸು ಮಲಗಿದೆ. ನಮಗೆ ಬೇಡವಾದರೂ ಲಕ್ಷಾಂತರ ಮನೆಯ ಒಲೆಗೆ ಬೇಕು, ಅವರಿಗೆ ನಾಳೆಯೇ ಬೇರೆ ದಾರಿ ಇಲ್ಲ. ಇನ್ನೂ ಎರಡು ಸಲ ತರುತ್ತೇನೆ, ಅಕ್ಟೋಬರಿಗೆ ನನ್ನ ಕರಾರು ಮುಗಿಯುತ್ತದೆ. ಮುಂದಿನದಕ್ಕೆ ಸಹಿ ಹಾಕಲಿಲ್ಲ. ಆಮೇಲೆ ಏನು ಅಂತ ಗೊತ್ತಿಲ್ಲ, ಹೆದರಿಕೆ ಇದೆ. ಐತನ ಕೈ ಕೆಳಗೆ ಕೆಲಸ ಕೊಟ್ಟರೆ ದೋಸೆ ಹುಯ್ಯಲು ಕಲಿಯುತ್ತೇನೆ. ಅವನು ಬಯ್ಯುತ್ತಾನೆ, ಗೊತ್ತು.

ಇಪ್ಪತ್ತೆರಡರ ಮಧ್ಯಾಹ್ನ, ಹೋಟೆಲು ನಿದ್ದೆ ಹೋಗುವ ಹೊತ್ತಿಗೆ ಬರುತ್ತೇನೆ. ಯಾರನ್ನೂ ಎಬ್ಬಿಸಬೇಡ. ಹಿಂದಿನ ಬಾಗಿಲು ತೆರೆದಿಡು. ನೀನು ಮತ್ತು ನಾನು ಮಾತ್ರ ಒಳಗೆ ಹೋಗೋಣ. ಚಿಕ್ಕಂದಿನಲ್ಲಿ ಅಂಬೆಗಾಲಿಟ್ಟು ಹೋದಾಗಿಂದ ಆ ಒಲೆಯ ವಿಷಯದಲ್ಲಿ ನಾವಿಬ್ಬರೂ ಕೇಳಿದ್ದು ಒಂದೇ ಮಾತು, ಮುಟ್ಟಬೇಡ, ಸುಡುತ್ತದೆ ಅಂತ. ಅದು ಪೂರ್ತಿ ತಣ್ಣಗಿರಲಿ. ಅದರ ಮೇಲೆ ನಾನು ಅಂಗೈ ಇಡಬೇಕು, ನೀನೂ ಇಡು. ಎಷ್ಟು ಹೊತ್ತು ಬೇಕಾದರೂ.

ನಿನ್ನ ತಮ್ಮ
ಸುಘೋಷ